ಅಟ್ಟದ ಪೆಟ್ಟಿಗೆಯೂ ಗಾಜಿನ ಬೀರುವೂ



ನಮ್ಮ ಮನೆಗೆ ಬಂದುಹೋದವರೆಲ್ಲರೂ ನಡುಮನೆಯಲ್ಲಿರುವ ಗಾಜಿನ ಬೀರುವನ್ನು ನೋಡಿಯೇ ಇರುತ್ತೀರಿ. ಅದರ ತುಂಬ ಚಲನಚಿತ್ರಗಳು. 1992ರಲ್ಲಿ ಕಂತಿನ ಮೇಲೆ ಒಂದು ವಿ.ಸಿ.ಆರ್. ಕೊಂಡಂದಿನಿಂದ ಆರಂಭವಾದ ಈ ಹವ್ಯಾಸವು ವಿ.ಎಚ್.ಎಸ್. ಕ್ಯಾಸೆಟ್ಟುಗಳಿಂದ ವಿ.ಸಿ.ಡಿ.ಗೂ, ಅಲ್ಲಿಂದ ಡಿ.ವಿ.ಡಿ.ಗೂ ಸಾಗಿ, ನಾನು ನಿವೃತ್ತನಾಗುವ ವೇಳೆಗೆ ಸಾವಿರದ ಗಡಿಯನ್ನು ದಾಟಿತ್ತು. ಕಳೆದ ಯುಗಾದಿಗೆ ಬೆಂಗಳೂರಿನಿಂದ ಬಂದಿದ್ದ ನನ್ನ ಮಗ ಬೀರುವಿನ ಮುಂದೆ ನಿಂತು, "ಅಪ್ಪಯ್ಯಾ, ಇದರಲ್ಲಿರುವುದೆಲ್ಲ ಈಗ ಮೊಬೈಲಿನಲ್ಲೇ ಸಿಗುತ್ತದೆ. ಇಷ್ಟು ಜಾಗ ಯಾಕೆ ಕಟ್ಟಿಹಾಕಿದ್ದೀರಿ?" ಎಂದು ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಅಂದು ಉತ್ತರ ಕೊಡದೆ ಸುಮ್ಮನಾದೆ. ಇಂದು ಈ ಬರಹದ ಮೂಲಕ ಕೊಡುತ್ತಿದ್ದೇನೆ.

ಉತ್ತರ ಕೊಡುವ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

1998ರ ಶಾಲಾ ವಾರ್ಷಿಕೋತ್ಸವದಲ್ಲಿ ನಮ್ಮ ಹತ್ತನೆಯ ತರಗತಿಯ ಮಕ್ಕಳು 'ಏಕಲವ್ಯ' ನಾಟಕವನ್ನು ಆಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮದುವೆಗಳಿಗೆ ವಿಡಿಯೊ ತೆಗೆಯುವ ಒಬ್ಬರು ನನ್ನ ಮೇಲಿನ ವಿಶ್ವಾಸದಿಂದ ಅದನ್ನು ಚಿತ್ರೀಕರಿಸಿ ಕ್ಯಾಸೆಟ್ಟನ್ನು ನನ್ನ ಕೈಗಿತ್ತಿದ್ದರು. ಅದರಲ್ಲಿ ಏಕಲವ್ಯನಾಗಿದ್ದ ಹುಡುಗ ಮುಂದೆ ಓದಿ, ಉದ್ಯೋಗ ಹಿಡಿದು, 2019ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. 2023ರ ಮಳೆಗಾಲದ ಒಂದು ಮಧ್ಯಾಹ್ನ ಅವನ ತಾಯಿ ಕೊಡೆ ಮಡಚುತ್ತ ನಮ್ಮ ಜಗುಲಿ ಹತ್ತಿದರು. "ಅವನು ಏಕಲವ್ಯ ಆಗಿದ್ದ ಕ್ಯಾಸೆಟ್ ನಿಮ್ಮ ಹತ್ರ ಇದೆ ಅಂದ್ರು ಮೇಷ್ಟ್ರೇ. ಒಂದು ಸಲ ನೋಡ್ಬೇಕಿತ್ತು" ಎಂದರು.

ಇದೆ ಎಂದು ಧೈರ್ಯವಾಗಿ ಹೇಳಿದೆ. ಹುಡುಕಲು ಮೂರು ದಿನ ಹಿಡಿಯಿತು. ಗಾಜಿನ ಬೀರುವಿನಲ್ಲಿ ಅದು ಇರಲಿಲ್ಲ. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ, ಹಳೆಯ ಪಂಚಾಂಗಗಳ ಕೆಳಗೆ, 'ಇತರೆ – 3' ಎಂಬ ಚೀಟಿ ಹೊತ್ತು ಮಲಗಿತ್ತು. ಮಲೆನಾಡಿನ ಇಪ್ಪತ್ತೈದು ಮಳೆಗಾಲಗಳನ್ನು ಕಂಡ ಸುರುಳಿಯ ಮೇಲೆ ಬಿಳಿಯ ಬೂಷ್ಟು ಹಿಡಿದಿತ್ತು. ಆತುರದಲ್ಲಿ ಅದನ್ನು ಬಟ್ಟೆಯಿಂದ ಒರೆಸಿ ನೇರವಾಗಿ ಯಂತ್ರಕ್ಕೆ ತುರುಕಿದೆ. ಒಂದೆರಡು ನಿಮಿಷ ಓಡಿ, ಸುರುಳಿಯು ಒಳಗೆ ಸಿಕ್ಕಿ, ಸುಕ್ಕಾಗಿ ತುಂಡಾಯಿತು. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಎಂದಿಗೂ ನೇರವಾಗಿ ಓಡಿಸಬಾರದು. ಸುರುಳಿ ಹರಿಯುವುದಲ್ಲದೆ ಯಂತ್ರದ ಹೆಡ್ಡಿಗೂ ಬೂಷ್ಟು ಅಂಟಿ, ಅನಂತರ ಹಾಕಿದ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಇದನ್ನು ನಾನು ಕಲಿತದ್ದು ಆಮೇಲೆ. ಶಿವಮೊಗ್ಗದಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ಶುಚಿಗೊಳಿಸಿ ಕಂಪ್ಯೂಟರಿಗೆ ಇಳಿಸಿಕೊಡುವವರೊಬ್ಬರು ತಾಳ್ಮೆಯಿಂದ ಶ್ರಮಿಸಿ, ನಲವತ್ತು ನಿಮಿಷದ ನಾಟಕದಲ್ಲಿ ಹನ್ನೊಂದು ನಿಮಿಷವನ್ನು ಉಳಿಸಿಕೊಟ್ಟರು.

ಆ ತಾಯಿ ಹನ್ನೊಂದು ನಿಮಿಷವನ್ನೂ ಕಣ್ಣು ಮಿಟುಕಿಸದೆ ನೋಡಿದರು. ಚಿತ್ರದ ತುಂಬ ಗೆರೆಗಳು. ಧ್ವನಿ ಮಾತ್ರ ಸ್ಪಷ್ಟ. "ಹೆಬ್ಬೆರಳು ಕೊಡೋ ಭಾಗ ಇಲ್ವಾ ಮೇಷ್ಟ್ರೇ?" ಎಂದು ಕೇಳಿದರು. ಇಲ್ಲವೆಂದೆ. ಸ್ವಲ್ಪ ಹೊತ್ತು ಬಿಟ್ಟು, "ಹೋಗ್ಲಿ ಬಿಡಿ. ಅದು ಇಲ್ದೇ ಇದ್ದದ್ದೇ ಒಳ್ಳೇದಾಯ್ತು" ಎಂದರು. ನನ್ನ ಸಮಾಧಾನಕ್ಕಾಗಿ ಅವರು ಹಾಗೆ ಹೇಳಿದರೆಂಬುದು ನನಗೆ ಗೊತ್ತು.

ಅಂದಿನಿಂದ ನನ್ನ ಮನಸ್ಸಿನಲ್ಲಿ ಬಲವಾಗಿ ನೆಲೆಸಿರುವ ಅಭಿಪ್ರಾಯ ಇಷ್ಟು: ನಾವು ಸಂಗ್ರಹಕಾರರು ಬೆಲೆ ಇರುವುದನ್ನು ಗಾಜಿನ ಬೀರುವಿನಲ್ಲಿಡುತ್ತೇವೆ, ಬೆಲೆ ಕಟ್ಟಲಾಗದ್ದನ್ನು ಅಟ್ಟಕ್ಕೆ ಹಾಕುತ್ತೇವೆ. ಇದು ತಲೆಕೆಳಗಾದ ಕ್ರಮ. 'ಬಂಗಾರದ ಮನುಷ್ಯ'ದ ನನ್ನ ಪ್ರತಿ ಹಾಳಾದರೆ ಕನ್ನಡಿಗರಿಗೆ ಯಾವ ನಷ್ಟವೂ ಇಲ್ಲ. ಅಂಥ ಪ್ರತಿಗಳು ಸಾವಿರಾರು ಮನೆಗಳಲ್ಲಿವೆ. ಆದರೆ ಶಾಲಾ ನಾಟಕದ ಕ್ಯಾಸೆಟ್ಟು ಜಗತ್ತಿನಲ್ಲಿ ಇದ್ದದ್ದು ಒಂದೇ ಒಂದು. ಎಷ್ಟು ಪ್ರತಿಗಳಿವೆ ಎಂಬುದರ ಮೇಲೆ ನಮ್ಮ ಕಾಳಜಿಯ ಪ್ರಮಾಣ ನಿರ್ಧಾರವಾಗಬೇಕೇ ಹೊರತು ಮಾರುಕಟ್ಟೆಯ ಬೆಲೆಯ ಮೇಲಲ್ಲ.

ಇದು ಮನೆಯ ಮಾತಷ್ಟೇ ಅಲ್ಲ, ನಾಡಿನ ಮಾತೂ ಹೌದು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಕಂಡಿತು. ಸಾವಿರಾರು ಜನ ನೋಡಿದ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದೇ, ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು ಜೀರ್ಣೋದ್ಧಾರಗೊಳಿಸಿ 2024ರಲ್ಲಿ ವೆನಿಸ್ ಚಲನಚಿತ್ರೋತ್ಸವದಲ್ಲಿ ಪ್ರದರ್ಶಿಸಲು ಸಾಧ್ಯವಾಯಿತು. ಜೀರ್ಣೋದ್ಧಾರಕ್ಕೆ ಬೇಕಾದ ಮೂಲ ಸಾಮಗ್ರಿಯನ್ನು ಯಾರೋ ಕಾಪಾಡಿಟ್ಟಿದ್ದರು ಎಂಬುದೇ ಇವೆರಡರ ನಡುವಿನ ವ್ಯತ್ಯಾಸ. ಕಲಾಕೃತಿಯ ಯೋಗ್ಯತೆಯೊಂದರಿಂದಲೇ ಅದು ಉಳಿಯುವುದಿಲ್ಲ. ಇಟ್ಟುಕೊಂಡವರ ಶಿಸ್ತಿನಿಂದ ಉಳಿಯುತ್ತದೆ.

ಇನ್ನು ಆ ಶಿಸ್ತು ಎಂದರೇನು ಎಂಬುದನ್ನು ನೋಡೋಣ. ಮೇಷ್ಟ್ರ ಪಾಠ ಮತ್ತೆ ಆರಂಭವಾಯಿತೆಂದು ನಗಬೇಡಿ!

ಮೊದಲನೆಯದು, ದಾಖಲೆ. ನಮ್ಮ ಶಾಲೆಯ ಗ್ರಂಥಾಲಯದ ಉಸ್ತುವಾರಿ ಹಲವು ವರ್ಷ ನನ್ನದಾಗಿತ್ತು. ಅಲ್ಲಿ ಪುಸ್ತಕ ಬಂದೊಡನೆ ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ ಕೊಡದೆ ಕಪಾಟಿಗೆ ಸೇರಿಸುವಂತಿರಲಿಲ್ಲ. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿ, ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಮಂಡಿಸಿದ ಪಂಚಸೂತ್ರಗಳಲ್ಲಿ ಮೊದಲನೆಯದು, ಪುಸ್ತಕವಿರುವುದು ಬಳಕೆಗಾಗಿ ಎಂದು ಸಾರುತ್ತದೆ. ಓದುಗನ ಸಮಯವನ್ನು ಉಳಿಸಬೇಕೆಂಬುದು ನಾಲ್ಕನೆಯದು. ಮಕ್ಕಳಿಗೆ ಇದನ್ನೆಲ್ಲ ಹೇಳಿಕೊಟ್ಟ ನಾನು ನನ್ನ ಮನೆಯ ಸಂಗ್ರಹಕ್ಕೆ ಒಂದು ನೋಟುಬುಕ್ಕನ್ನೂ ಇಟ್ಟಿರಲಿಲ್ಲ! ಈಗ ಇಟ್ಟಿದ್ದೇನೆ. ಕ್ರಮಸಂಖ್ಯೆ, ಹೆಸರು, ವರ್ಷ, ನಿರ್ದೇಶಕ, ಯಾವ ರೂಪದಲ್ಲಿದೆ, ಎಷ್ಟು ತಟ್ಟೆಗಳಿವೆ, ಯಾವ ಅರೆಯಲ್ಲಿದೆ, ಯಾರಿಗೆ ಎಂದು ಎರವಲು ಕೊಟ್ಟಿದೆ – ಇಷ್ಟು ಕಲಮುಗಳು ಸಾಕು.

ಕಪಾಟಿನಲ್ಲಿ ಅಕಾರಾದಿಯಾಗಿ ಜೋಡಿಸಲು ಹೊರಟು ನಾನು ಸೋತಿದ್ದೇನೆ. ಹೊಸದೊಂದು ಬಂದಾಗಲೆಲ್ಲ ಇಡೀ ಸಾಲನ್ನು ಸರಿಸಬೇಕಾಗುತ್ತದೆ. ಕಪಾಟಿನಲ್ಲಿ ಕ್ರಮಸಂಖ್ಯೆಯಂತೆ ಇಟ್ಟು, ಅಕಾರಾದಿಯನ್ನು ಪಟ್ಟಿಗೆ ಬಿಡುವುದೇ ಸುಲಭ. ವರ್ಷವನ್ನು ಮಾತ್ರ ಬರೆಯಲೇಬೇಕು. 'ನಾಗರಹಾವು' ಎಂದರೆ 1972ರ ಪುಟ್ಟಣ್ಣ ಕಣಗಾಲ್ ಅವರ ಚಿತ್ರವೂ ಆಗಬಹುದು, 2016ರದೂ ಆಗಬಹುದು. 'ಸತ್ಯ ಹರಿಶ್ಚಂದ್ರ' 1943ರಲ್ಲಿಯೂ ಬಂದಿದೆ, 1965ರಲ್ಲಿಯೂ ಬಂದಿದೆ. ತಟ್ಟೆಗಳ ಸಂಖ್ಯೆ ಬರೆಯುವುದಕ್ಕೂ ಕಾರಣವುಂಟು. ಒಂದು ವಿ.ಸಿ.ಡಿ.ಯಲ್ಲಿ ಹಿಡಿಯುವುದು ಸುಮಾರು 74 ನಿಮಿಷ ಮಾತ್ರವಾದ್ದರಿಂದ ನಮ್ಮ ಚಿತ್ರಗಳು ಎರಡು ಅಥವಾ ಮೂರು ತಟ್ಟೆಗಳಲ್ಲಿ ಬರುತ್ತಿದ್ದವು. ನನ್ನ 'ಗೆಜ್ಜೆ ಪೂಜೆ'ಯ ಎರಡನೆಯ ತಟ್ಟೆ ಹತ್ತು ವರ್ಷ ಬೇರೊಂದು ಚಿತ್ರದ ಡಬ್ಬಿಯಲ್ಲಿ ಅಜ್ಞಾತವಾಸ ಮಾಡಿತ್ತು.

ಎರಡನೆಯದು, ಇಡುವ ಬಗೆ. ಕ್ಯಾಸೆಟ್ಟನ್ನಾಗಲಿ ತಟ್ಟೆಯನ್ನಾಗಲಿ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಬೇಕು, ಒಂದರ ಮೇಲೊಂದು ಪೇರಿಸಬಾರದು. ಕ್ಯಾಸೆಟ್ಟಿನ ಸುರುಳಿಯನ್ನು ಒಂದು ತುದಿಗೆ ಪೂರ್ತಿ ಸುತ್ತಿಟ್ಟು, ಸ್ಪೀಕರಿನಂತಹ ಅಯಸ್ಕಾಂತವಿರುವ ವಸ್ತುಗಳಿಂದ ದೂರವಿಡಬೇಕು. ನಮ್ಮ ಕಡೆ ಬೂಷ್ಟು ಕಂಡರೆ ಎಲ್ಲವನ್ನೂ ಹಪ್ಪಳದಂತೆ ಬಿಸಿಲಿಗೆ ಹಾಕುವ ರೂಢಿಯಿದೆ. ಇವಕ್ಕೆ ಬಿಸಿಲು ಶತ್ರು. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಟ್ಟು, ಮಳೆಗಾಲಕ್ಕೆ ಮುಂಚೆ ಅವನ್ನು ಬದಲಿಸಬೇಕು. ಅಟ್ಟವೂ ಹೊರಗೋಡೆಗೆ ತಾಗಿದ ಕಪಾಟೂ ಬೇಡ.

ಸಿ.ಡಿ.ಯ ಹೊಳೆಯುವ ಮುಖವನ್ನು ನಾವು ಜೋಪಾನ ಮಾಡುತ್ತೇವೆ, ಹೆಸರು ಅಚ್ಚಾದ ಮುಖವನ್ನು ಅಲಕ್ಷಿಸುತ್ತೇವೆ. ವಾಸ್ತವದಲ್ಲಿ ಮಾಹಿತಿಯ ಪದರವಿರುವುದು ಹೆಸರಿನ ಮುಖದ ಕೆಳಗೆಯೇ, ತೆಳುವಾದ ಅರಗಿನ ಲೇಪದಡಿಯಲ್ಲಿ. ಅಲ್ಲಿ ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಹಾನಿ ನಿಶ್ಚಿತ. ಡಿ.ವಿ.ಡಿ.ಯಲ್ಲಿ ಆ ಪದರ ಎರಡು ಹಾಳೆಗಳ ನಡುವೆ ಇರುವುದರಿಂದ ಸ್ವಲ್ಪ ಸುರಕ್ಷಿತ. ಅಂಟುಚೀಟಿಗಳನ್ನು ಎರಡಕ್ಕೂ ಹಚ್ಚದಿರುವುದು ಲೇಸು. ಸಂಖ್ಯೆಯನ್ನು ಡಬ್ಬಿಯ ಮೇಲೆ ಬರೆಯಿರಿ. ಒರೆಸುವಾಗ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ದುಂಡಗೆ ಉಜ್ಜಬಾರದು.

ಮೂರನೆಯದು, ಪ್ರತಿ. ಎಷ್ಟೇ ಜೋಪಾನ ಮಾಡಿದರೂ ಕ್ಯಾಸೆಟ್ಟಿಗೆ ಆಯುಷ್ಯ ಉಂಟು. ಅದನ್ನು ಓಡಿಸುವ ಯಂತ್ರಕ್ಕೆ ಇನ್ನೂ ಕಡಿಮೆ. ಜಗತ್ತಿನಲ್ಲಿ ಕೊನೆಯವರೆಗೂ ವಿ.ಸಿ.ಆರ್. ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆ 2016ರಲ್ಲಿ ತಯಾರಿಕೆಯನ್ನು ನಿಲ್ಲಿಸಿತು. ಕ್ಯಾಸೆಟ್ಟು ಗಟ್ಟಿಯಾಗಿದ್ದರೂ ಅದನ್ನು ಓಡಿಸಲು ನಾಳೆ ಏನೂ ಉಳಿಯದಿರಬಹುದು. ಆದ್ದರಿಂದ ಮನೆಯ ಚಿತ್ರೀಕರಣಗಳನ್ನು ಇಂದೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಒಂದು ಹಾರ್ಡ್ ಡಿಸ್ಕಿನಲ್ಲಿಟ್ಟು ನಿಶ್ಚಿಂತರಾಗಬೇಡಿ. ಅದು ಯಾವ ಸೂಚನೆಯೂ ಇಲ್ಲದೆ ಕೈಕೊಡುತ್ತದೆ. ಎರಡು ಡಿಸ್ಕುಗಳಿರಲಿ, ಎರಡನೆಯದು ಬೇರೆ ಊರಿನಲ್ಲಿರಲಿ. ನನ್ನದು ಈಗ ಮಗನ ಮನೆಯಲ್ಲಿದೆ. ಕೊಂಡ ಚಲನಚಿತ್ರಗಳ ಪ್ರತಿಗಳನ್ನು ಮಾಡಿ ಊರಿಗೆಲ್ಲ ಹಂಚುವುದು ಮಾತ್ರ ಸಲ್ಲದು. ತಟ್ಟೆಯನ್ನು ಎರವಲು ಕೊಡುವುದು ಬೇರೆ, ನಕಲು ಹಂಚುವುದು ಬೇರೆ.

ಈಗ ಮಗನ ಪ್ರಶ್ನೆಗೆ ಬರುತ್ತೇನೆ. ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಸುಲಭವಾಗಿ ಎಲ್ಲೆಡೆ ಸಿಗುವ ಚಿತ್ರದ ಮೂರು ಮೂರು ಪ್ರತಿಗಳನ್ನು ಇಟ್ಟುಕೊಳ್ಳುವುದು ಸಂಗ್ರಹವಲ್ಲ, ವ್ಯಾಮೋಹ. ಅಂಥವನ್ನು ಈ ವರ್ಷ ಬೇರ್ಪಡಿಸಿ, ಬೇಕೆಂದವರಿಗೆ ಕೊಟ್ಟಿದ್ದೇನೆ. ಆದರೆ ಮೊಬೈಲಿನಲ್ಲಿ ಇಂದು ಕಂಡ ಚಿತ್ರ ಒಪ್ಪಂದದ ಅವಧಿ ಮುಗಿದರೆ ನಾಳೆ ಮಾಯವಾಗುತ್ತದೆ. ಅದು ನಮ್ಮ ಮನೆಯ ಬಾವಿಯಲ್ಲ, ಪಕ್ಕದ ಮನೆಯವರ ನಲ್ಲಿ. ಮಿಗಿಲಾಗಿ, 1998ರ ನಮ್ಮ ಏಕಲವ್ಯ ಯಾವ ಮೊಬೈಲಿನಲ್ಲೂ ಸಿಗುವುದಿಲ್ಲ, ಮಗೂ.

ಬೀರುವಿನ ಅರ್ಧದಷ್ಟು ಜಾಗ ಈಗ ಖಾಲಿಯಾಗಿದೆ. ಮೇಲಿನ ಅರೆಯಲ್ಲಿ, ಮೊದಲು 'ಬಂಗಾರದ ಮನುಷ್ಯ' ಇದ್ದಲ್ಲಿ, ಅಟ್ಟದಿಂದ ಇಳಿಸಿದ ಹದಿನಾಲ್ಕು ಕ್ಯಾಸೆಟ್ಟುಗಳಿವೆ. ಶಾಲೆಯ ಕಾರ್ಯಕ್ರಮಗಳು, ಅಕ್ಕನ ಮಗಳ ಮದುವೆ, ನನ್ನ ತಾಯಿ ಹಸೆಹಾಡು ಹೇಳಿದ್ದು. ಎಲ್ಲವನ್ನೂ ಇಳಿಸಿಕೊಂಡಾಗಿದೆ. ಉಳಿದಿರುವ ಕೆಲಸವೆಂದರೆ ಒಂದೊಂದರಲ್ಲೂ ಕಾಣುವವರ ಹೆಸರುಗಳನ್ನು ಬರೆದಿಡುವುದು. ಇದನ್ನು ಯಾವ ಯಂತ್ರವೂ ಮಾಡಿಕೊಡಲಾರದು. ಗುರುತಿಸಬಲ್ಲವರು ಬದುಕಿರುವಾಗಲೇ ಆಗಬೇಕು. ಹಸೆಹಾಡಿನ ಕ್ಯಾಸೆಟ್ಟಿನಲ್ಲಿ ಅಮ್ಮನ ಎಡಗಡೆ ಕುಳಿತ ಇಬ್ಬರು ಯಾರೆಂಬುದು ನನಗೇ ತಿಳಿಯದು, ಕೇಳೋಣವೆಂದರೆ ಅಕ್ಕನೂ ಈಗಿಲ್ಲ.

ಆದ್ದರಿಂದ ಶಿಷ್ಯರಲ್ಲಿ ಒಂದು ವಿನಂತಿ. 1990ರಿಂದ 2005ರವರೆಗಿನ ನಮ್ಮ ಶಾಲೆಯ ವಾರ್ಷಿಕೋತ್ಸವಗಳ ಕ್ಯಾಸೆಟ್ಟು ನಿಮ್ಮ ಯಾರ ಮನೆಯಲ್ಲಾದರೂ ಇದ್ದರೆ, ದಯವಿಟ್ಟು ನನ್ನಂತೆ ಯಂತ್ರಕ್ಕೆ ತುರುಕಬೇಡಿ, ನನಗೆ ತಿಳಿಸಿ. ಅದೇ ನಾಟಕವನ್ನು ಇನ್ನಾರಾದರೂ ಚಿತ್ರೀಕರಿಸಿರಬಹುದೆಂಬ ಸಣ್ಣ ಆಸೆ ನನಗಿದೆ. ಸಿಕ್ಕರೆ, ಹೆಬ್ಬೆರಳಿನ ದೃಶ್ಯದವರೆಗೂ ಪೂರ್ತಿಯಾಗಿ ಆ ತಾಯಿಯ ಕೈಗಿಟ್ಟು ಬರಬೇಕು. ನೋಡುವುದು ಬಿಡುವುದು ಅವರ ಇಚ್ಛೆ.