ಕೇದಾರದ ನೆಲ

ನಮ್ಮ ವೀರಶೈವ ಅರ್ಚಕರೇ ಪೂಜೆ ಸಲ್ಲಿಸುವ ಶ್ರೀ ಕೇದಾರನಾಥನ ದರ್ಶನಕ್ಕೆ ಹೊರಡುವ ಸದ್ಭಕ್ತರು ದೇಗುಲದ ಹಿಂದಿನ ದಿಬ್ಬಗಳನ್ನೂ ನೋಡಬೇಕು. ಸುಮಾರು 3,580 ಮೀಟರ್ ಎತ್ತರದ ಆ ಬಯಲು ಅಖಂಡ ಬಂಡೆಯಲ್ಲ. ಹಿಮನದಿಯು ಹಿಂದೆ ಸರಿಯುತ್ತ ಬಿಟ್ಟುಹೋದ ಕಲ್ಲು-ಮಣ್ಣಿನ ರಾಶಿ. ಅದರ ಅಂಚಿನಲ್ಲಿ ಕೆರೆಯ ಏರಿಯಂತೆ ನಿಂತ ದಿಬ್ಬಗಳಿಗೆ ಭೂವಿಜ್ಞಾನಿಗಳು ಮೊರೇನ್ ಎನ್ನುವರು. ನಮ್ಮ ಕೆರೆಯ ಏರಿಯನ್ನಾದರೂ ಹಿರಿಯರು ತುಳಿದು ಗಟ್ಟಿಗೊಳಿಸಿದರು, ಇದನ್ನು ತುಳಿದವರಾರು? ಅಂಥ ದಿಬ್ಬವೊಂದು ತಡೆದು ನಿಲ್ಲಿಸಿದ್ದ ಚೋರಾಬಾರಿ ಸರೋವರವು 2013ರ ಜೂನ್ 17ರ ಬೆಳಿಗ್ಗೆ ಅತಿವೃಷ್ಟಿಯಿಂದ ತುಂಬಿ, ಅದನ್ನೊಡೆದು ಕೇದಾರದ ಮೇಲೆ ಧುಮುಕಿತು. ದೇಗುಲದ ಬೆನ್ನಿಗೆ ಉರುಳಿಬಂದು ಪ್ರವಾಹವನ್ನು ಸೀಳಿದ ಹೆಬ್ಬಂಡೆಯನ್ನು ಭಕ್ತರು ಭೀಮಶಿಲೆಯೆಂದು ಪೂಜಿಸುವರು. ಪೂಜಿಸಲಿ. ಆದರೆ ಅದೇ ಸಡಿಲ ನೆಲದ ಮೇಲೆ ತಂಗಲು ಇನ್ನಷ್ಟು ಕಟ್ಟಡಗಳು ಬೇಕೆಂದು ನಮ್ಮವರು ಕೇಳುವುದು ನಮಗೆ ಸರಿದೋರದು.