ಕೋಸ್ಟರೀಕದ ಸ್ವಾತಂತ್ರ್ಯೋತ್ಸವ

ರಾಷ್ಟ್ರೀಯ ಹಬ್ಬವೆಂದರೆ ಸೈನ್ಯದ ಕವಾಯತು, ಫಿರಂಗಿಗಳ ಮೆರವಣಿಗೆ ಎಂಬ ಭಾವನೆ ನಮ್ಮಲ್ಲನೇಕರಿಗೆ ಉಂಟು. ಸೈನ್ಯವೇ ಇಲ್ಲದ ದೇಶವೊಂದು ಈ ಹಬ್ಬವನ್ನು ಹೇಗೆ ಆಚರಿಸೀತು? ಮಧ್ಯ ಅಮೆರಿಕದ ಕೋಸ್ಟರೀಕವನ್ನು ನೋಡಬೇಕು. 1948ರ ಡಿಸೆಂಬರಿನಲ್ಲಿ ಹೋಸೆ ಫಿಗೆರೆಸರು ಅಲ್ಲಿಯ ಸೈನ್ಯವನ್ನು ವಿಸರ್ಜಿಸಿದರು. ಖಾಯಂ ಸೈನ್ಯ ಕೂಡದೆಂದು ಮರುವರ್ಷದ ಸಂವಿಧಾನವೂ ವಿಧಿಸಿತು.

ಹಬ್ಬ ಸೆಪ್ಟೆಂಬರ್ 15ರಂದು. ಆದರೆ ಅದರ ಸೊಗಸೆಲ್ಲ ಹಿಂದಿನ ಸಂಜೆಯದು. 14ರ ಸಂಜೆ ಸರಿಯಾಗಿ 6 ಗಂಟೆಗೆ ದೇಶದ ಉದ್ದಗಲಕ್ಕೂ ರಾಷ್ಟ್ರಗೀತೆ ಹಾಡುತ್ತಾರೆ. ಕತ್ತಲಾಗುತ್ತಲೇ ಮಕ್ಕಳು ಲಾಂದ್ರ ಹಿಡಿದು ಬೀದಿಗಿಳಿಯುತ್ತಾರೆ. ರಟ್ಟು, ಕಡ್ಡಿ, ಬಣ್ಣದ ಕಾಗದಗಳಿಂದ ಮನೆಯಲ್ಲೇ ಮಾಡಿದ ಲಾಂದ್ರಗಳು. ಒಂದು ಹಳ್ಳಿಮನೆಯಂತೆ, ಇನ್ನೊಂದು ಎತ್ತಿನ ಗಾಡಿಯಂತೆ, ಒಳಗೊಂದು ದೀಪ. ಅದೇ ಸಂಜೆ, ಗ್ವಾಟೆಮಾಲದಿಂದ ಹೊರಟ ಪಂಜೊಂದು ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಗಳನ್ನು ದಾಟಿ, ವಿದ್ಯಾರ್ಥಿಗಳ ಕೈಯಿಂದ ಕೈಗೆ ಸಾಗಿ, ಹಳೆಯ ರಾಜಧಾನಿ ಕಾರ್ತಾಗೊವನ್ನು ಸೇರುತ್ತದೆ.

ಇತಿಹಾಸಪ್ರಿಯರು ಇಲ್ಲೊಂದು ಆಕ್ಷೇಪ ಎತ್ತಬಹುದು. 1821ರ ಸೆಪ್ಟೆಂಬರ್ 15ರಂದು ಸ್ವಾತಂತ್ರ್ಯಪತ್ರಕ್ಕೆ ಸಹಿ ಬಿದ್ದದ್ದು ದೂರದ ಗ್ವಾಟೆಮಾಲ ನಗರದಲ್ಲಿ. ಸುದ್ದಿ ಕಾರ್ತಾಗೊ ಮುಟ್ಟಿದ್ದು ಅಕ್ಟೋಬರ್ 13ಕ್ಕೆ. ಅಲ್ಲಿಯವರು ಸ್ಪೇನಿನಿಂದ ಬೇರೆಯಾದೆವೆಂದು ಸಾರಿದ್ದು 29ರಂದು. ಎಂದ ಮೇಲೆ, ಯಾವ ದಿನವನ್ನು ಇವರು ಕೊಂಡಾಡುತ್ತಾರೋ ಆ ದಿನ ಇವರ ಹಿರಿಯರಿಗೆ ಏನೊಂದೂ ತಿಳಿದಿರಲಿಲ್ಲ! ಆ ಪತ್ರವಾದರೂ ಎಂಥದು? ಜನರೇ ಮುಂದಾಗಿ ಸ್ವಾತಂತ್ರ್ಯ ಸಾರಿಬಿಟ್ಟರೆ ಪರಿಣಾಮ ಭೀಕರವಾದೀತು, ಅದನ್ನು ತಪ್ಪಿಸಲು ತಾವೇ ಸಾರಬೇಕು ಎಂಬ ಅಳುಕು ಅದರ ಮೊದಲಿನಲ್ಲೇ ಇದೆ. ಸ್ಪೇನಿನ ಅಧಿಕಾರಿ ಗಾಯಿನ್ಸನೇ ಅಧಿಕಾರದಲ್ಲಿ ಮುಂದುವರಿದನು. ಇಂಥದಕ್ಕೆ ಇಷ್ಟು ಸಂಭ್ರಮವೇಕೆ?

ಲಾಂದ್ರದ ರೂಢಿಯೂ ಪುರಾತನವಲ್ಲ. 1953ರಲ್ಲಿ ಶಾಲೆಗಳ ಮೂಲಕ ಬಂದದ್ದು. ಪಂಜಿನ ಓಟ 1964ರಿಂದ ಈಚಿನದು. ನನಗಂತೂ ಇದು ಕುಂದಾಗಿ ತೋರುವುದಿಲ್ಲ. ಜನರಿಗಂಜಿ ಬರೆದ ಪತ್ರವನ್ನು ಜನರ ಮಕ್ಕಳೇ ಬೀದಿಗೆ ತಂದಿದ್ದಾರೆ. ಆ ಸಂಜೆ ಹುಡುಗನು ಯಾರದೋ ಭಾಷಣ ಮುಗಿಯುವುದನ್ನು ಕಾದು ನಿಂತವನಲ್ಲ. ಕಾಗದ ಕತ್ತರಿಸಿ, ಅಂಟು ಹಚ್ಚಿ, ಹಬ್ಬವನ್ನು ತನ್ನ ಕೈಯಾರ ಮಾಡಿಕೊಂಡವನು. ಸುದ್ದಿಯನ್ನು ಸುಮಾರು ಒಂದು ತಿಂಗಳು ಕಾದ ನಾಡಿಗೆ ಪಂಜು ಹಿಡಿದು ಓಡಿಬರುವವರೂ ವಿದ್ಯಾರ್ಥಿಗಳೇ.

ಮರುದಿನ ಬೆಳಿಗ್ಗೆ ಶಾಲೆಗಳ ಮೆರವಣಿಗೆ. ಮುಂದೆ ಡೋಲು, ವಾದ್ಯ. ಸೈನ್ಯವನ್ನು ಬಿಟ್ಟವರು ಮಕ್ಕಳಿಗೆ ಸೈನಿಕರ ಹೆಜ್ಜೆಯನ್ನೇಕೆ ಕಲಿಸುತ್ತಾರೋ! ನನ್ನನ್ನು ಕೇಳಿದರೆ, ಹಿಂದಿನ ಸಂಜೆಯ ಲಾಂದ್ರಗಳೇ ಸಾಕಾಗಿದ್ದವು.