ಮುನ್ನೋಟಕ್ಕೂ ಮೊದಲೇ ನಾಟಿ
ಫೆಬ್ರವರಿ ಕೊನೆಗೆ ಹವಾಮಾನ ಇಲಾಖೆ ಮಾರ್ಚ್‌ನಿಂದ ಮೇವರೆಗಿನ ಬೇಸಿಗೆಯ ಮುನ್ನೋಟ ಹೊರಡಿಸುತ್ತದೆ. ಯುಗಾದಿಗೆ ಗುಡಿಯಲ್ಲಿ ಪಂಚಾಂಗ ಓದಿ ಮಳೆ ಎಷ್ಟು ಕೊಳಗ ಎಂದು ಹೇಳುತ್ತಾರೆ. ದಾವಣಗೆರೆ ಕಡೆಯ ರೈತ ಎರಡಕ್ಕೂ ಕಿವಿಗೊಟ್ಟು, ಕೊನೆಗೆ ಕೇಳುವುದು ಒಂದೇ: ‘ಡ್ಯಾಮಿನಾಗ ಎಷ್ಟು ಅಡಿ ಐತಿ?’ ಆ ಡ್ಯಾಮು ಎಂದರೆ ಭದ್ರಾ ಜಲಾಶಯ; ಅದರ ಗರಿಷ್ಠ ಮಟ್ಟ 186 ಅಡಿ. ಘಟ್ಟದ ಮಳೆನೆರಳಿನಲ್ಲಿರುವ ಈ ಬಯಲಿಗೆ ವಸಂತವೆಂದರೆ ಬೇವು ಹೂ ಬಿಡುವಷ್ಟು ದಿನ, ಆಮೇಲೆ ಬರೀ ರಣಬಿಸಿಲು. ರೇವತಿ, ಅಶ್ವಿನಿ ಮಳೆಗಳು ಗುಡುಗಿದರೂ ನೆಲ ನೆನೆಯುವುದು ಅಪರೂಪ. ಆಸೆಯೆಲ್ಲ ಏಪ್ರಿಲ್ ಕೊನೆಯ ಭರಣಿಯ ಮೇಲೆ. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಮರುವರ್ಷದ ಬೇಸಿಗೆಯಲ್ಲಿ ಜಿಲ್ಲೆಯ ಅಡಿಕೆ ತೋಟಗಳಿಗೆ ಟ್ಯಾಂಕರ್ ಹೋಗಬೇಕಾಯಿತು. ಹರಿಹರದ ಬಳಿ ತುಂಗಭದ್ರೆ ಸೊರಗಿದರೆ ದಾವಣಗೆರೆಯ ನಲ್ಲಿಗೂ ಬಿಸಿ ತಟ್ಟುತ್ತದೆ. ಊರಿನ ಕುಡಿಯುವ ನೀರಿನ ಒಂದು ಪಾಲು ಆ ಹೊಳೆಯ ದಂಡೆಯ ರಾಜನಹಳ್ಳಿಯಿಂದಲೇ ಬರಬೇಕು. ನನ್ನ ತಕರಾರು ಮುನ್ನೋಟದ ಬಗ್ಗೆಯಲ್ಲ, ಅದು ಬರುವ ಹೊತ್ತಿನ ಬಗ್ಗೆ. ಬೇಸಿಗೆ ಭತ್ತಕ್ಕೆ ನಾಲೆಗೆ ನೀರು ಬಿಡುವ ತೀರ್ಮಾನ ಸಾಮಾನ್ಯವಾಗಿ ಜನವರಿಯಲ್ಲೇ ಆಗಿರುತ್ತದೆ. ‘ತಾಪಮಾನ ವಾಡಿಕೆಗಿಂತ ಹೆಚ್ಚು’ ಎಂದು ಪೇಪರಿನಲ್ಲಿ ಓದುವ ಹೊತ್ತಿಗೆ ಸಸಿ ಗದ್ದೆಯಲ್ಲಿ ಬೇರು ಬಿಟ್ಟಿರುತ್ತದೆ, ಸಾಲವೂ ಆಗಿರುತ್ತದೆ.